ತಲೆಯ ಮೇಲಿನ ಬಿಳಿ ಚುಕ್ಕೆ

1998ರಲ್ಲಿ ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ರಾಣೆಬೆನ್ನೂರಿನ ಹತ್ತಿರ ಕೋಳಿಮರಿ ಮಾಡಿಸಿ ಮಾರುತ್ತೇನೆ. ಹೋದ ವರ್ಷ ಗುತ್ತಲದ ಅಜ್ಜಿಯೊಬ್ಬಳು ಬಂದು, ಮೊಟ್ಟೆ ವ್ಯಾಪಾರಕ್ಕೆ ಹೆಣ್ಣುಮರಿ ಬೇಕೆಂದು ಒಂದೊಂದನ್ನೇ ಕಾಲು ಹಿಡಿದು ತಲೆಕೆಳಗೆ ಮಾಡತೊಡಗಿದಳು. ಹಾಗೆ ಹಿಡಿದಾಗ ತಲೆ ಎತ್ತಿದ್ದು ಹೆಣ್ಣು ಎಂಬುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ಹಿಂದೆ ಬೇರೆಡೆ ಆರಿಸಿ ಒಯ್ದವೆಲ್ಲ ಹುಂಜಗಳಾಗಿದ್ದವಂತೆ.

“ಬಿಡಬೇ ಯವ್ವಾ, ಕೆಂಪು ಹುಂಜಕ್ಕ ಮೈಮ್ಯಾಲೆ ಬಿಳಿ-ಕರಿ ಪಟ್ಟಿ ಇರೋ ಕೋಳಿ ಕೂಡಿಸೇನಿ. ಅವಕ್ಕ ಹುಟ್ಟಿದ ಮರ್ಯಾಗ ತಲಿಮ್ಯಾಲೆ ಬಿಳಿ ಚುಕ್ಕಿ ಇದ್ದದ್ದು ಗಂಡು, ಪೂರಾ ಕರೀದು ಹೆಣ್ಣು,” ಎಂದೆ.

“ಒಂದರ ಕೂಗಿತಂದ್ರ ತಂದು ನಿನ್ನ ಬಾಗಲಕ್ಕ ಕಟ್ತೇನಿ ನೋಡು,” ಎಂದು ಹತ್ತು ಕರಿ ಮರಿ ಬುಟ್ಟಿಯಲ್ಲಿ ಹಾಕಿಕೊಂಡು ಒಯ್ದಳು.

ಆರು ತಿಂಗಳಿಗೆ ಅದೇ ಬುಟ್ಟಿ ಹೊತ್ತು ಬಂದಾಗ, ಹುಂಜ ಕಟ್ಟಲು ಬಂದಳೆಂದುಕೊಂಡೇ ಮುಚ್ಚಳ ತೆಗೆದೆ. ಒಳಗೆ ಮೊಟ್ಟೆಗಳಿದ್ದವು.

“ಒಂದೂ ಕೂಗಲಿಲ್ಲೋ ಮಗನ. ಇನ್ನೊಂದ ಹತ್ತು ಕೊಡು, ಈ ಸಲ ನೀನ ಆರಿಸು.”

ಈಗ ನನ್ನಲ್ಲಿ ನಾಲ್ಕು ಕೆಂಪು ಹುಂಜ, ನಲವತ್ತು ಪಟ್ಟೆ ಕೋಳಿ ಇವೆ; ಗುತ್ತಲದಲ್ಲಿ ಒಂದು ಇಡೀ ಓಣಿಯ ಗಿರಾಕಿಗಳಿದ್ದಾರೆ.