ಗೌಸಸಾಬನ ಮುಂಗೈ ಬಣ್ಣ

ರಾಯಬಾಗದ ಆ ಓಣಿಯಲ್ಲಿ ಯಾರ ಮನೆಗೆ ಯಾವ ಬಣ್ಣ ಬರುತ್ತದೆಂಬುದು ಮೊದಲು ಗೊತ್ತಾಗುತ್ತಿದ್ದುದು ಗೌಸಸಾಬನ ಎಡಗೈ ನೋಡಿದವರಿಗೆ. ಸುಣ್ಣಕ್ಕೆ ಬಣ್ಣದ ಪುಡಿ ಕಲಸಿ, ಮುಂಗೈ ಮೇಲೊಂದು ಗೆರೆ ಎಳೆದು, ಬಿಸಿಲಿಗೆ ಹಿಡಿದು ಒಣಗಿಸಿ ನೋಡುವುದು ಅವನ ಪದ್ಧತಿ. ನಲವತ್ತು ವರ್ಷ ಆ ಅಂದಾಜು ತಪ್ಪಿರಲಿಲ್ಲ.

ಎಂಬತ್ತೇಳರ ದೀಪಾವಳಿ ಕಳೆದ ಮೇಲೆ ತಾರವ್ವ ಮಗಳ ತೊಟ್ಟಿಲು ಕಟ್ಟುವ ಕೋಣೆಗೆ ಅವನನ್ನೇ ಕರೆಸಿದಳು. ಎಳೆ ದ್ರಾಕ್ಷಿಯಂಥ ತಿಳಿಹಸಿರು ಬೇಕೆಂದಳು. ಬೆಳಿಗ್ಗೆ ಕಲಸಿದ್ದು ಮೂರೂವರೆ ಗೋಡೆಗೆ ಮುಗಿಯಿತು. ಮಧ್ಯಾಹ್ನ ಮತ್ತೊಂದು ಬಕೆಟ್ ಕಲಸಿ ಉಳಿದರ್ಧ ಬಳಿದ. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದ ತಾರವ್ವ ಬಾಗಿಲಲ್ಲೇ ನಿಂತಳು. ಆ ಕಡೆ ಎಳೆ ದ್ರಾಕ್ಷಿ, ಈ ಕಡೆ ಕಬ್ಬಿನ ಗರಿ.

“ಕಾಕಾ, ಇದೇನ್ರಿ? ಒಂದ ಗ್ವಾಡಿಗೆ ಎರಡು ಹಸರ!”

“ಇನ್ನಾ ಹಸಿ ಐತಿ ಬೇಟಿ, ಒಣಗಲಿ.”

“ನಾಳೆ ಹೆಸರಿಡೋದೈತ್ರಿ. ಮಂದಿ ನಗತಾರ. ನಿಮ್ಮ ಕಣ್ಣ ಮಂದ ಆಗ್ಯಾವು ನೋಡ್ರಿ.”

ನೆರೆಮನೆಯ ದುಂಡವ್ವ ಕಿಸಕ್ಕನೆ ನಕ್ಕಳು. “ಸಾಬಗ ಚಾಳೀಸ ಹಾಕಸಬೇಕವ್ವಾ!”

ಗೌಸಸಾಬ ಗೋಡೆ ನೋಡಿದ, ತನ್ನ ಮುಂಗೈ ನೋಡಿದ. ಬ್ರಷ್ ತೊಳೆದು ಹೋದ.

ಮರುದಿನ ಗೋಡೆ ಒಣಗಿ ಒಂದೇ ಹಸಿರಾಗಿತ್ತು. ಸುಣ್ಣ ಒಣಗಿದರೆ ತಿಳಿಯಾಗುವುದು ತಾರವ್ವನಿಗೇನು ಗೊತ್ತಿಲ್ಲದ್ದಲ್ಲ. ತವರಿನಲ್ಲಿ ವರ್ಷವೂ ತಾನೇ ಬಳಿದವಳು. ಅವಸರದಲ್ಲಿ ಬಾಯಿ ಜಾರಿತ್ತು. ಹೆಸರಿಡಲು ಬಂದ ಹೆಂಗಸರು “ಎಷ್ಟ ಚಂದ ಹಸರವ್ವಾ” ಎಂದಾಗ ಅವಳು ಗೋಡೆಯತ್ತ ನೋಡಲಾರದೆ ಕೂಸನ್ನು ಎತ್ತಿಕೊಂಡಳು.

ಬಂದವರು ಹೋದದ್ದೇ ಅವನ ಮನೆಗೆ ಹೋದಳು. ಅವನ ಹೆಂಡತಿ ತಾಜಬಿ ಹೇಳಿದಳು: “ಬ್ರಷ್ ಎಲ್ಲಾ ಅಳಿಯಗ ಕೊಟ್ಟಬಿಟ್ಟಾರವ್ವಾ. ಕಣ್ಣ ಹೊಂಟಾವಂತ ಮೊದಲ ಅಂಜತಿದ್ರು. ನೀ ಅಂದಮ್ಯಾಲೆ ಖರೇನ ಅಂತ ಕುಂತಾರ.”

ಕಾಡಿಬೇಡಿ ಕರೆತಂದಳು. ಗೌಸಸಾಬ ಗೋಡೆಗೆ ಮುಖ ಹತ್ತಿರ ಒಯ್ದು ಅಂಗೈ ಆಡಿಸಿದ.

“ಎರಡೂ ಎಲ್ಲಿ ಕೂಡ್ಯಾವು ಬೇಟಿ? ನನಗ ಕಾಣವಲ್ದು.”

“ಎರಡ ಇಲ್ಲೇ ಇಲ್ರಿ ಕಾಕಾ! ನನಗೂ ಒಂದ ಕಾಣತೈತಿ. ತಪ್ಪ ನಂದು.”

ಅವನು ಮೆಲ್ಲಗೆ ನಕ್ಕ. “ಎಳೇ ಕಣ್ಣ ನಿನ್ನವು, ಕಾಣದ ಏನು? ಮುದುಕನ ಮನಸ್ಸ ನೋಯಬಾರದಂತ ಹಿಂಗಂತಿ.”

“ಕೂಸಿನ ಆಣಿರಿ…”

“ಬ್ಯಾಡ. ಅದರ ಆಣಿ ಹಾಕಬ್ಯಾಡ.”

ಬಾಗಿ ತೊಟ್ಟಿಲನ್ನು ಒಮ್ಮೆ ತೂಗಿದ. ಆ ಮುಂಗೈ ಮೇಲೆ ಯಾವ ಬಣ್ಣವೂ ಇಲ್ಲದ್ದನ್ನು ತಾರವ್ವ ಮೊದಲ ಸಲ ನೋಡಿದಳು.