ಮಂಡಿ ಸವೆದ ಪ್ಯಾಂಟು

ಟಿವಿ ಕೇಂದ್ರದ ಹಿಂಬದಿಯ ಮೆಟ್ಟಿಲಿಳಿದರೆ ಸಿಗುವ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಹೊಲಿಗೆ ಮಷೀನು ತುಳಿದವಳು ಟೈಲರಕ್ಕ. ಅವಳನ್ನು ಅಕ್ಕ ಎನ್ನದವರೇ ಅಲ್ಲಿರಲಿಲ್ಲ. ತಲೆ ಬೋಳಾದ ಕ್ಯಾಮೆರಾದವರಿಗೂ ಅಕ್ಕ, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ನಿರ್ದೇಶಕರಿಗೂ ಅಕ್ಕ. ಮೂವತ್ತು ತುಂಬುವ ಮೊದಲೇ ಊರಿಗೆಲ್ಲ ಅಕ್ಕನಾಗಿ ಕೂತವಳ ಮದುವೆ ಮಾತು ಯಾರು ಎತ್ತುತ್ತಾರೆ? ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಆ ವಯಸ್ಸು ದಾಟಿತು. ಹೋಗಲಿ ಬಿಡಿ.

ಭಾನುವಾರ ಬೆಳಿಗ್ಗೆ ಮಕ್ಕಳ ಆಟದ ಕಾರ್ಯಕ್ರಮ ಬರುತ್ತಿತ್ತು. ಗಂಟೆ ಒತ್ತಿ ಉತ್ತರ ಹೇಳುವುದು, ತಪ್ಪಾದರೆ ಸೀಟು ಬಿಟ್ಟು ಏಳುವುದು, ಇಷ್ಟೇ ಆಟ. ಅಷ್ಟು ವರ್ಷದಲ್ಲಿ ಅದನ್ನು ನಡೆಸಿಕೊಟ್ಟ ನಿರೂಪಕರು ಒಂಬತ್ತು ಜನ. ಅವರಲ್ಲಿ ಯಾರು ಚೆನ್ನ, ಯಾರು ದಂಡ ಎಂದು ಮನೆಮನೆಯಲ್ಲಿ ವಾದ ನಡೆಯುತ್ತಿತ್ತಂತೆ. ಟೈಲರಕ್ಕನಿಗೆ ವಾದದ ಅಗತ್ಯವೇ ಇರಲಿಲ್ಲ. ಚಿತ್ರೀಕರಣ ಮುಗಿದು ಬಟ್ಟೆಗಳು ಇಸ್ತ್ರಿಗೆ ಕೆಳಗಿಳಿದು ಬಂದಾಗ ಅವಳು ಮೊದಲು ನೋಡುತ್ತಿದ್ದದ್ದು ಪ್ಯಾಂಟಿನ ಮಂಡಿ.

ಹಲ್ಲಣ್ಣ ಅಂತ ಒಬ್ಬನಿದ್ದ. ಎಂಟು ವರ್ಷ ಹಲ್ಲು ಬಿಟ್ಟುಕೊಂಡೇ ಕಾರ್ಯಕ್ರಮ ನಡೆಸಿದ. ಜನ ಅವನನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಮಕ್ಕಳ ಕೈ ಕುಲುಕಿದ ಮೇಲೆ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಿದ್ದದ್ದು ಜನರಿಗೆ ಕಾಣಬೇಕಲ್ಲ! ಉತ್ತರ ತಪ್ಪಿದ ಮಗುವನ್ನು ಭುಜ ಹಿಡಿದು ಕ್ಯಾಮೆರಾದಿಂದ ಆಚೆ ತಳ್ಳುತ್ತಿದ್ದ, ನಗು ಮಾತ್ರ ಮಾಸುತ್ತಿರಲಿಲ್ಲ. ಎಂಟು ವರ್ಷವಾದರೂ ಅವನ ಪ್ಯಾಂಟಿನ ಮಂಡಿ ಅಂಗಡಿಯಿಂದ ತಂದ ಹಾಗೇ ಇತ್ತು. ಅದನ್ನು ನೋಡಿದರೆ ಟೈಲರಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಇನ್ನೊಬ್ಬನಿದ್ದ, ಮಂಡಿ ಮೇಷ್ಟ್ರು. ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವನು. ಮಾತು ತಡವರಿಸುತ್ತಿತ್ತು, ಅಂಕ ಮರೆತುಹೋಗುತ್ತಿತ್ತು, ಟೈ ಯಾವಾಗಲೂ ಓರೆ. ಆದರೆ ಸೋತ ಮಗು ಸೀಟು ಬಿಟ್ಟು ಎದ್ದ ಕೂಡಲೇ ಸಿಮೆಂಟು ನೆಲದ ಮೇಲೆ ಮಂಡಿಯೂರಿ ಅದರ ಮುಖದ ಎತ್ತರಕ್ಕೆ ಬಂದು, ಈಗ ನೀನು ನನ್ನನ್ನೊಂದು ಪ್ರಶ್ನೆ ಕೇಳು ಅನ್ನುತ್ತಿದ್ದ. ನಮ್ಮ ಬೆಕ್ಕಿನ ಹೆಸರೇನು ಅಂತ ಮಗು ಕೇಳಿದರೆ ತಲೆ ಕೆರೆದುಕೊಂಡು ಯೋಚಿಸಿ ಸೋಲುತ್ತಿದ್ದ. ಅಳುತ್ತಿದ್ದ ಮಗು ನಗುತ್ತಾ ಮನೆಗೆ ಹೋಗುತ್ತಿತ್ತು.

ಎರಡೇ ತಿಂಗಳಲ್ಲಿ ಅವನ ಪ್ಯಾಂಟಿನ ಮಂಡಿ ಸವೆದು ಹೊಳೆಯತೊಡಗಿತು. ನೆಲ ಒತ್ತಿ ನೋಯುತ್ತಲ್ಲ ಅಂತ ಟೈಲರಕ್ಕ ಯಾರಿಗೂ ಹೇಳದೆ ಒಳಗಡೆ ಮೆತ್ತನೆಯ ಬಟ್ಟೆ ನಾಲ್ಕು ಮಡಿಕೆ ಮಾಡಿಟ್ಟು ಹೊಲಿದಳು. ಅವತ್ತು ಕಪ್ಪು ದಾರ ಮುಗಿದಿತ್ತು. ಒಳಗಿನದು ತಾನೇ, ಯಾರು ನೋಡುತ್ತಾರೆ ಅಂತ ನೀಲಿ ದಾರದಲ್ಲೇ ಮುಗಿಸಿದಳು. ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಇಡೀ ಕೇಂದ್ರದಲ್ಲಿ ಅವಳನ್ನು ಅಕ್ಕ ಅನ್ನದವನು ಅವನೊಬ್ಬನೇ. ಬಾಗಿಲಲ್ಲಿ ನಿಂತು "ಇವ್ರೇ, ಈ ಗುಂಡಿ ಸ್ವಲ್ಪ ನೋಡ್ತೀರಾ" ಅನ್ನುತ್ತಿದ್ದ. ಇವ್ರೇ ಅಂದರೆ ಏನು ಮಹಾ? ಹೆಸರು ತಿಳಿಯದವರನ್ನೂ ಜನ ಹಾಗೇ ಕರೆಯುತ್ತಾರೆ. ಮನೆಯಲ್ಲಿ ಹೆಂಡತಿಯನ್ನೂ ಹಾಗೇ ಕರೆಯುತ್ತಾರೆ. ಟೈಲರಕ್ಕ ಎರಡನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಗುಂಡಿಗಳನ್ನು ಬೇಕೆಂದೇ ಸಡಿಲ ಹಾಕುತ್ತಿದ್ದಳು ಅಂತ ಮೇಕಪ್ಪಿನವಳು ಇವತ್ತಿಗೂ ಕಾಲೆಳೆಯುತ್ತಾಳೆ. ಅದು ಸುಳ್ಳೇನಲ್ಲ.

ಹದಿನಾಲ್ಕು ತಿಂಗಳಿಗೆ ಅವನನ್ನು ತೆಗೆದುಹಾಕಿದರು. ಅವನು ನೆಲಕ್ಕೆ ಕೂತರೆ ಕ್ಯಾಮೆರಾಕ್ಕೆ ಮುಖ ಕಾಣುವುದಿಲ್ಲ, ಬೆಕ್ಕು ನಾಯಿ ಅಂತ ಸಮಯ ಹಾಳು, ಇದು ಮೇಲಿನವರ ತೀರ್ಪು. ಪತ್ರಿಕೆಯೊಂದು ಅತಿ ಕೆಟ್ಟ ನಿರೂಪಕನೆಂದೂ ಬರೆಯಿತು. ಅವನು ಹೇಳದೆ ಹೋದ. ಕೋಟು ಕೆಳಗೆ ಬಂತು, ಪ್ಯಾಂಟು ಬರಲಿಲ್ಲ. ಟೈಲರಕ್ಕ ಪೆಟ್ಟಿಗೆ, ಕಪಾಟು, ನೆಲ ಒರೆಸುವ ಬಟ್ಟೆಗಳ ಬುಟ್ಟಿಯನ್ನೂ ಜಾಲಾಡಿದಳು. ವರ್ಷಗಟ್ಟಲೆ ಹುಡುಕಿದಳು, ಸಿಗಲಿಲ್ಲ.

ಇಪ್ಪತ್ತೆರಡು ವರ್ಷವಾದ ಮೇಲೆ, ಅವಳ ನಿವೃತ್ತಿಗೆ ಒಂದು ತಿಂಗಳಿರುವಾಗ, ಹಳೆಯ ನಿರೂಪಕರನ್ನೆಲ್ಲ ಒಂದು ದಿನ ಮತ್ತೆ ಆಟ ನಡೆಸಲು ಕರೆಸುತ್ತಾರೆ ಅಂತ ಸುದ್ದಿಯಾಯಿತು. ಪಟ್ಟಿಯಲ್ಲಿ ಮೇಷ್ಟ್ರ ಹೆಸರಿತ್ತು. ಬರುತ್ತಾನೋ ಇಲ್ಲವೋ ತಿಳಿಯದು. ಬಂದರೂ ಗುರುತು ಹಿಡಿದಾನೋ, ಎಲ್ಲರ ಹಾಗೆ ಅಕ್ಕ ಅಂದುಬಿಟ್ಟಾನೋ? ಆ ಒಂದು ಮಾತಿಗೆ ಅವಳ ಜೀವ ಹಿಡಿಯಷ್ಟಾಗಿತ್ತು. ಅಳತೆ ಪುಸ್ತಕದಲ್ಲಿ ಅವನ ಹಳೆಯ ಪುಟ ತೆಗೆದು, ಈಗ ಹೊಟ್ಟೆ ಬಂದಿರಬಹುದು, ಉಣಿಸುವವರು ಇದ್ದಾರೇನೋ ಅಂತ ಅಂದಾಜು ಮಾಡಿ ಸೊಂಟಕ್ಕೆ ಮೂರು ಇಂಚು ಸೇರಿಸಿ ಹೊಸ ಪ್ಯಾಂಟು ಹೊಲಿದಳು. ಆ ಮೂರು ಇಂಚು ಕತ್ತರಿಸುವಾಗ ಸಂಕಟವಾಯಿತು.

ಆ ದಿನ ಹಲ್ಲಣ್ಣ ಮೊದಲು ಬಂದ. "ಅಕ್ಕ, ಇನ್ನೂ ಇಲ್ಲೇ ಇದ್ದೀಯಾ?" ಅಂದು ಹೊಸ ಹಲ್ಲು ತೋರಿಸಿ ಕೋಟು ಪ್ಯಾಂಟು ತೊಟ್ಟು ಹೋದ. ಉಳಿದವರೂ ಬಂದು ಹೋದರು. ಶುರುವಾಗಲು ಅರ್ಧ ಗಂಟೆ ಇರುವಾಗ ಬಾಗಿಲಲ್ಲಿ ಒಬ್ಬ ಬಡಕಲು ಮನುಷ್ಯ ನಿಂತಿದ್ದ. ಟೈ ಓರೆಯಾಗಿತ್ತು.

ಅವನು ಕೈಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಟೈಲರಕ್ಕ ಬಿಡಿಸಿದಳು. ಕಪ್ಪು ಪ್ಯಾಂಟು, ಸವೆದ ಮಂಡಿ. ಒಳಗೆ ಕೈ ಹಾಕಿ ತಿರುಗಿಸಿದರೆ ನೀಲಿ ದಾರ.

"ಇವ್ರೇ," ಅಂದ ಅವನು, "ಸೊಂಟ ಮಾತ್ರ ಸ್ವಲ್ಪ ಹಿಡೀರಿ. ಮಂಡಿ ಬಿಚ್ಚಬೇಡಿ."

ಅವಳು ನೀಲಿ ದಾರದ ಮೇಲೆ ಬೆರಳಾಡಿಸಿದಳು. ಹೆಂಡತಿ ಇದ್ದಾಳಾ, ಎಲ್ಲಿದ್ದೀರಿ, ಯಾಕೆ ಹೇಳದೆ ಹೋದಿರಿ, ಕೇಳುವುದು ಬೇಕಾದಷ್ಟಿತ್ತು. ಕೇಳಿದ್ದು ಮಾತ್ರ ಇಷ್ಟು: "ಗೊತ್ತಿತ್ತಾ?"

"ಹಾಕಿಕೊಂಡ ದಿನಾನೇ ಗೊತ್ತಾಯ್ತು. ಹೇಳಿದ್ರೆ ಬಿಚ್ಚಿಬಿಡ್ತೀರೇನೋ ಅಂತ ಸುಮ್ನಿದ್ದೆ."

ಮೇಲಿನಿಂದ ಕರೆ ಬಂತು. ಅವಳು ಸೊಂಟ ಎರಡು ಇಂಚು ಹಿಡಿದು, ಅವನ ಹಳೆಯ ಕೋಟಿನ ಜೊತೆ ಕೊಟ್ಟಳು. ಹೊಸ ಪ್ಯಾಂಟು ಹ್ಯಾಂಗರಿನಲ್ಲೇ ಉಳಿಯಿತು. ಸ್ಟುಡಿಯೋ ಬಾಗಿಲ ಸಂದಿಯಿಂದ ನೋಡಿದಳು. ಸೋತ ಹುಡುಗಿಯೊಬ್ಬಳ ಮುಂದೆ ಅವನು ಮಂಡಿಯೂರಿದ. ಮತ್ತೆ ಏಳಲಾಗದೆ ಒದ್ದಾಡಿದಾಗ ಆ ಹುಡುಗಿಯೇ ಕೈ ಹಿಡಿದು ಎಬ್ಬಿಸಿದಳು.

ಚಿತ್ರೀಕರಣ ಮುಗಿದಾಗ ಅವನು ಕೆಳಗೆ ಬರಬಹುದು ಅಂತ ಅವಳು ಕಾದಳು. ಮುಖಕ್ಕೆ ನೀರು ಹಾಕಿಕೊಂಡು, ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ತೆಗೆದಿಟ್ಟಳು. ಅವನು ಬರಲಿಲ್ಲ. ಮೇಕಪ್ಪಿನವಳು ಎಲ್ಲರ ಬಟ್ಟೆಯ ಬುಟ್ಟಿ ತಂದಿಟ್ಟು, ಮೇಷ್ಟ್ರು ಬಸ್ಸಿಗೆ ಹೊತ್ತಾಯಿತೆಂದು ಓಡಿದರು ಅಂದಳು. ಟೈಲರಕ್ಕ ಒಂದೊಂದಾಗಿ ತೆಗೆದಳು. ಹಲ್ಲಣ್ಣನ ಪ್ಯಾಂಟಿತ್ತು, ಮಂಡಿಯಲ್ಲಿ ಸುಕ್ಕೂ ಇರಲಿಲ್ಲ. ಮೇಷ್ಟ್ರ ಕೋಟಿತ್ತು. ಪ್ಯಾಂಟು ಈ ಸಲವೂ ಬಂದಿರಲಿಲ್ಲ.

ಈ ಸಲ ಅವಳು ಹುಡುಕಲಿಲ್ಲ. ಕೋಟಿನ ಸಡಿಲವಾದ ಗುಂಡಿಯನ್ನು ಗಟ್ಟಿಯಾಗಿ ಹೊಲಿದು, ಅಳುತ್ತಾ, ಕಪಾಟಿನಲ್ಲಿ ತೂಗುಹಾಕಿದಳು.