ನೀರಿನ ಮೇಲೆ ತೇಲಿದ ಪುಡಿ

ಉದಗೀರದ ಫಾರ್ಮಸಿ ಕಾಲೇಜಿನಲ್ಲಿ ಎಂ.ಫಾರ್ಮ್ ಓದುವಾಗ ನನ್ನ ಪಾಲಿಗೆ ಬಂದದ್ದು ಒಂದು ನೋವಿನ ಔಷಧ. ನನ್ನಷ್ಟೇ ಹಟಮಾರಿ, ನೀರು ಕಂಡರೆ ಆಗದು. ಹೊಟ್ಟೆಯಲ್ಲಿ ಕರಗದ ಗುಳಿಗೆ ನುಂಗಿ ಏನು ಉಪಯೋಗ? ಅದು ಬೇಗ ಕರಗುವಂತೆ ಮಾಡುವುದೇ ನನ್ನ ಪ್ರಾಜೆಕ್ಟು.

ಕಣ ಸಣ್ಣದಾದಷ್ಟೂ ಬೇಗ ಕರಗುತ್ತದೆಂದು ಓದಿದ್ದೆ. ಮುಂದಿನ ಪುಟ ತಿರುವುವ ತಾಳ್ಮೆ ನನಗೆಲ್ಲಿಯದು? ಪಿಂಗಾಣಿಯ ಖಲಬತ್ತಾದಲ್ಲಿ, ಅಂದರೆ ಕುಟ್ಟಾಣಿಯಲ್ಲಿ, ರಟ್ಟೆ ಬಿದ್ದುಹೋಗುವಂತೆ ಅರೆದೆ. ಅರೆದಷ್ಟೂ ಪುಡಿ ಒಂದಕ್ಕೊಂದು ಅಂಟಿಕೊಂಡು, ಉಂಡೆಗಟ್ಟಿ, ನೀರಿನ ಮೇಲೆ ಆರಾಮಾಗಿ ತೇಲಿತು. ಮೊದಲಿನಷ್ಟೂ ಕರಗಲಿಲ್ಲ.

ನಿಲಂಗಾ ಕಡೆಯವರಾದ ಗೈಡ್ ಸರ್, "ಹಟ ಮಾಡಬ್ಯಾಡವ್ವಾ. ಸೋಮವಾರ ತನಕ ನೋಡು, ಆಗಲಿಲ್ಲಂದ್ರ ಬ್ಯಾರೆ ಔಷಧಿ ತಗೋ," ಅಂದರು. ಬೇರೆ ತೆಗೆದುಕೊಂಡರೆ ಒಂದು ವರ್ಷದ ಕೆಲಸ ಮಣ್ಣುಪಾಲು. ಸಿಟ್ಟಿನಲ್ಲೇ ಉಮರ್ಗಾದ ಬಸ್ಸು ಹತ್ತಿ ಮನೆಗೆ ಹೋದೆ.

ಮನೆಯಲ್ಲಿ ಅವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಯಾಲಕ್ಕಿ ಕುಟ್ಟಿಕೊಡು ಅಂದಳು. ಸರ್ ಮೇಲಿನ ಕೋಪವನ್ನೆಲ್ಲ ಅದರ ಮೇಲೆ ತೀರಿಸಿದೆ. ಯಾಲಕ್ಕಿ ಚಪ್ಪಟೆಯಾಗಿ ತಳಕ್ಕೆ ಅಂಟಿತೇ ಹೊರತು ಪುಡಿಯಾಗಲಿಲ್ಲ.

"ಏನ್ ಓದ್ಲಾಕತ್ತೀ ಉದಗೀರದಾಗ? ಬರೇ ಯಾಲಕ್ಕಿ ಎಲ್ಲ್ಯರ ಪುಡಿ ಆಗ್ತದೇನು? ಒಂದು ಚಮಚಾ ಸಕ್ಕರಿ ಹಾಕು."

ಹಾಕಿದೆ. ನಾಲ್ಕೇ ಏಟಿಗೆ ಹಿಟ್ಟಿನಂತಾಯಿತು. ಚಿಕ್ಕಂದಿನಿಂದ ನೋಡಿದ್ದೇ, ಆದರೆ ಅವತ್ತು ನನ್ನ ಕೈ ಅಲ್ಲೇ ನಿಂತಿತು.

ಸೋಮವಾರ ಔಷಧವನ್ನು ಹಾಲಿನ ಸಕ್ಕರೆಯ ಜೊತೆ ಸೇರಿಸಿ ಅರೆದೆ. ಗುಳಿಗೆಗಳಲ್ಲಿ ಹೇಗೂ ಬಳಸುವ, ನೀರಲ್ಲಿ ಥಟ್ಟನೆ ಕರಗುವ ಸಕ್ಕರೆ ಅದು. ಕಣಗಳು ಒಂದಕ್ಕೊಂದು ಅಂಟದಂತೆ ನಡುವೆ ಕೂತಿತು. ಗಾಜಿನ ಪಾತ್ರೆಯ ನೀರಿಗೆ ಬಿದ್ದದ್ದೇ ತಾನು ಕರಗಿ, ಔಷಧದ ಕಣಕಣವನ್ನೂ ನೆನೆಯಲು ಬಿಟ್ಟಿತು. ಹಳೆಯ ಪುಡಿ ಒಂದು ಗಂಟೆಯಲ್ಲಿ ಕರಗಿದ್ದಕ್ಕಿಂತ ಹೆಚ್ಚು ಇದು ಹತ್ತೇ ನಿಮಿಷಕ್ಕೆ ಕರಗಿತ್ತು. ಸರ್ ನಂಬದೆ ಮೂರು ಸಲ ಮಾಡಿಸಿದರು. ಮೂರು ಸಲವೂ ಅಷ್ಟೇ.

"ಛಲೋ ಆತು. ಆದ್ರ ಇದು ಹಳೇ ದಾರಿ, ಪುಸ್ತಕದಾಗ ಅದ. ಮೊದಲೇ ಓದಿದ್ರ ಗೊತ್ತಾಗ್ತಿತ್ತು," ಅಂದರು ಸರ್.

"ಇರ್ಲಿ ಬಿಡ್ರೀ ಸರ್. ನಮ್ಮವ್ವ ಆ ಪುಸ್ತಕ ಓದಿಲ್ಲ," ಅಂದೆ. ಸರ್ ನಕ್ಕು, ಇದೇ ಔಷಧ ಮುಂದುವರಿಸು ಎಂದು ಬರೆದು ಸಹಿ ಹಾಕಿದರು.

ಹೊರಗೆ ಬಂದವಳೇ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಇಷ್ಟಕ್ಕ ಒಂದು ವರ್ಷ ಬೇಕಾತೇನು ನಿನಗ?" ಅಂದಳು.

ಬೇಕಾಯಿತು. ಆದರೂ ಅವತ್ತು ಉದಗೀರದಲ್ಲಿ ನನ್ನಷ್ಟು ಬೀಗಿದವರು ಯಾರೂ ಇರಲಿಲ್ಲ.